ತಡವಾಗಿ ಬಂದ ಶಾಲೆ

ಹುಬ್ಬಳ್ಳಿಯನ್ನು ಬಿಟ್ಟು ಬೆಂಗಳೂರಿನ ಕಡೆಗೆ ಸಾಗುವ ರೈಲು ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರುಗಳನ್ನು ಹಿಂದಿಕ್ಕಿ, ತುಂಗಭದ್ರೆಯನ್ನು ದಾಟಿ ಹರಿಹರವನ್ನು ಸೇರುವಷ್ಟರಲ್ಲಿ, ಎಡಬಲಗಳಲ್ಲಿ ಹತ್ತಿ, ಜೋಳ, ಗೋವಿನಜೋಳ, ಮೆಣಸಿನಕಾಯಿಗಳ ಹೊಲಗಳ ನಡುವೆ ಕಾಣುವ ಸಣ್ಣ ಊರುಗಳ ಪೈಕಿ ಕೆಲವೆಡೆಯಲ್ಲಾದರೂ ಶಿಲುಬೆಯನ್ನು ಹೊತ್ತ ಒಂದು ಕಮಾನು, ಅದರ ಒಳಗೆ ಉದ್ದನೆಯ ಪಡಸಾಲೆಯ ಒಂದು ಕಟ್ಟಡ, ಅದರ ಮುಂದೆ ಸಮವಸ್ತ್ರ ತೊಟ್ಟ ಮಕ್ಕಳ ಸಾಲು ಕಣ್ಣಿಗೆ ಬೀಳುತ್ತವೆ. ಕಥೋಲಿಕ ಸಂಸ್ಥೆಗಳು ನಡೆಸುವ ಈ ಪ್ರಾಥಮಿಕ ಶಾಲೆಗಳು ಇಂದು ಈ ಸೀಮೆಯ ಜನಜೀವನದಲ್ಲಿ ಎಷ್ಟು ಸಹಜವಾಗಿ ಬೆರೆತುಹೋಗಿವೆಯೆಂದರೆ, ಅವು ಎಂದಿನಿಂದಲೂ ಇಲ್ಲಿದ್ದವೆಂದು ಭಾವಿಸುವುದು ಸುಲಭ. ಆದರೆ ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಇವು ಬಹಳ ಈಚಿನವು. ಅಕ್ಷರದ ಕೃಷಿ ಈ ನೆಲದಲ್ಲಿ ಮೂರು ನಾಲ್ಕು ಬಾರಿ ನಡೆದ ತರುವಾಯ ಬಂದವು. ಹೀಗೆ ತಡವಾಗಿ ಬಂದುದೇ ಈ ಶಾಲೆಗಳ ಸ್ವಭಾವವನ್ನು ರೂಪಿಸಿತೆಂಬುದು ನನ್ನ ನಂಬಿಕೆ; ಆ ನಂಬಿಕೆಗೆ ಆಧಾರವೇನೆಂಬುದನ್ನು ಇಲ್ಲಿ ನಿರೂಪಿಸಬಯಸುತ್ತೇನೆ.

ಮೊದಲು ಇದ್ದುದು ಅಯ್ಯಗಳ ಶಾಲೆ. ಊರಿನ ಮಠದಲ್ಲೋ, ಗುಡಿಯ ಪೌಳಿಯಲ್ಲೋ, ಉಳ್ಳವರ ಮನೆಯ ಪಡಸಾಲೆಯಲ್ಲೋ ಕುಳಿತು, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸಿ, ಮಗ್ಗಿ, ಕಾಲು ಅರೆ ಮುಕ್ಕಾಲುಗಳ ಲೆಕ್ಕ, ಒಂದಿಷ್ಟು ಪುರಾಣಪಠನ, ಕಾಗದಪತ್ರ ಓದುವ ರೂಢಿ, ಇಷ್ಟನ್ನು ಕಲಿಸಿ, ಪ್ರತಿಫಲವಾಗಿ ಕಾಳುಕಡಿಯನ್ನೂ ಹಬ್ಬದ ದಕ್ಷಿಣೆಯನ್ನೂ ಪಡೆಯುತ್ತಿದ್ದ ಗುರು ಅಲ್ಲಿಯ ಸರ್ವಸ್ವ. ಸರಕಾರದ ದಫ್ತರಗಳು ಇಂಥವನ್ನು ಗಾವಠಿ ಶಾಲೆಗಳೆಂದು ಕರೆದವು. ಅವುಗಳಿಗೆ ಕಟ್ಟಡವಿರಲಿಲ್ಲ, ಹಾಜರಿಪುಸ್ತಕವಿರಲಿಲ್ಲ. ಗುರು ತೀರಿಕೊಂಡರೆ ಶಾಲೆಯೂ ತೀರಿಕೊಳ್ಳುತ್ತಿತ್ತು. ಆದರೂ ಶಾನುಭೋಗಿಕೆಗೂ ಅಂಗಡಿಯ ಲೆಕ್ಕಕ್ಕೂ ಬೇಕಾದಷ್ಟು ಅಕ್ಷರವನ್ನು ಈ ಸೀಮೆ ತನ್ನಷ್ಟಕ್ಕೆ ತಾನೇ ಉಳಿಸಿಕೊಂಡು ಬಂದುದು ಅವುಗಳ ಬಲದಿಂದಲೇ ಎಂಬುದನ್ನು ಮರೆಯಲಾಗದು. ರಾಣೆಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿ, ಮುಂದೆ ಹಾನಗಲ್ಲ ಕುಮಾರಸ್ವಾಮಿಗಳೆಂದು ಪೂಜ್ಯರಾಗಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹನೀಯರು ಕೂಡ ತಮ್ಮ ಹರೆಯದಲ್ಲಿ ಹಳ್ಳಿಯ ಮಕ್ಕಳನ್ನು ಕೂಡಿಸಿಕೊಂಡು ಅಕ್ಷರ ಕಲಿಸಿದವರೇ.

1818ರಲ್ಲಿ ಪೇಶವೆಯರ ಆಳಿಕೆ ಮುಗಿದು ಧಾರವಾಡ ಪ್ರಾಂತ ಮುಂಬಯಿ ಸರಕಾರಕ್ಕೆ ಸೇರಿದ ತರುವಾಯ ಎರಡನೆಯ ಬಿತ್ತನೆ ಆರಂಭವಾಯಿತು. ಮೊದಮೊದಲು ಸರಕಾರದ ಶಾಲೆಗಳಲ್ಲಿ ನಡೆದುದು ಮರಾಠಿ ಪಾಠ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಮತ್ತೊಂದು ಮಾತು ಎಂಬ ಈ ಅಸಂಗತ ಸ್ಥಿತಿಯನ್ನು ಕಂಡು ಮರುಗಿದ ವಾಲ್ಟರ್ ಇಲಿಯಟ್ಟನಂಥ ಅಧಿಕಾರಿ 1830ರ ಸುಮಾರಿಗೆ ಕನ್ನಡ ಶಾಲೆಗಳ ಪಕ್ಷವನ್ನು ವಹಿಸಿದನು. ಅವನು ತೊಡಗಿಸಿದ ಕಾರ್ಯವನ್ನು ಶತಮಾನದ ಮಧ್ಯಭಾಗದಲ್ಲಿ ಬಲಪಡಿಸಿದವರು ಶಿಕ್ಷಣಾಧಿಕಾರಿ ರಸೆಲ್ ಸಾಹೇಬರೂ ಡೆಪ್ಯುಟಿ ಚನ್ನಬಸಪ್ಪನವರೂ. 1834ರಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡ ಚನ್ನಬಸಪ್ಪನವರು ಪಂಡಿತರಾಗಿದ್ದಂತೆಯೇ, ಹಳ್ಳಿಯ ಶಾಲೆಗೆ ಕನ್ನಡ ಬಲ್ಲ ಮಾಸ್ತರರನ್ನು ಒದಗಿಸುವುದನ್ನು ವ್ರತವಾಗಿ ಕೈಕೊಂಡವರು. ಧಾರವಾಡದ ನಾರ್ಮಲ್ ಸ್ಕೂಲು, ಅದು ಬೆಳೆದು ಆದ ಟ್ರೇನಿಂಗ್ ಕಾಲೇಜು, ಶಿಕ್ಷಣ ಇಲಾಖೆ 1865ರಲ್ಲಿ ಹೊರಡಿಸಿದ ಮಠಪತ್ರಿಕೆ, ಇವೆಲ್ಲ ಆ ಉದ್ಯಮದ ಅಂಗಗಳು. ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆಯಂತೆ ಸ್ಥಾನಿಕ ಕರವನ್ನು ಎತ್ತಿ ಅದರ ಮೂರನೆಯ ಒಂದಂಶವನ್ನು ಶಾಲೆಗಳಿಗಾಗಿ ಮೀಸಲಿಡುವ ಕ್ರಮ 1860ರ ದಶಕದಲ್ಲಿ ಮುಂಬಯಿ ಇಲಾಖೆಯಲ್ಲಿ ನೆಲೆಗೊಂಡಿತಾಗಿ, ಎರೆಹೊಲದ ರೈತನು ತೆತ್ತ ಹಣವೇ ಅವನ ಊರಿನ ಶಾಲೆಯ ಚಾವಣಿಯಾಯಿತು. ಬಿಗರಿ, ಒಂದನೆಯ ಇಯತ್ತೆ, ಎರಡನೆಯ ಇಯತ್ತೆ ಎಂದು ಏರುತ್ತ ಹೋಗಿ ಏಳನೆಯದರಲ್ಲಿ ಮುಲ್ಕಿ ಪರೀಕ್ಷೆಯನ್ನು ಮುಟ್ಟುವ ಆ ಸೋಪಾನ ಹಳ್ಳಿಯ ಬಡ ಹುಡುಗನಿಗೆ ಪಟವಾರಿಕೆಯ, ಮಾಸ್ತರಿಕೆಯ, ಕಾರಕೂನಿಕೆಯ ಬಾಗಿಲನ್ನು ತೆರೆಯಿತು.

ಈ ಸೋಪಾನವನ್ನೇರಿದವರಲ್ಲಿ ಎಂಥೆಂಥವರಿದ್ದರೆಂಬುದನ್ನು ನೆನೆದರೆ ಹೃದಯ ತುಂಬುತ್ತದೆ. ಇಂದು ಹಾವೇರಿ ಜಿಲ್ಲೆಗೆ ಸೇರಿದ ಶಿಶುನಾಳದ ಶರೀಫರು (1819–1889) ಕೆಲಕಾಲ ಶಾಲಾಮಾಸ್ತರರಾಗಿದ್ದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಮುಸಲ್ಮಾನನಾದ ಶಿಷ್ಯ, ಬ್ರಾಹ್ಮಣನಾದ ಗುರು ಗೋವಿಂದಭಟ್ಟರು, ಇವರ ಸಂಬಂಧವನ್ನು ಕಂಡ ಸೀಮೆ ಇದು. ಹಾವೇರಿ ತಾಲೂಕಿನ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿ ಗಳಗನಾಥರೆಂದೇ ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ಧಾರವಾಡದಲ್ಲಿ ಶಿಕ್ಷಕರ ತರಬೇತಿ ಪಡೆದು ಹಳ್ಳಿಯ ಮಾಸ್ತರಿಕೆಯಲ್ಲಿದ್ದುಕೊಂಡೇ ಕಾದಂಬರಿಗಳನ್ನು ಬರೆದರು. ಅಗಡಿಯ ಆನಂದವನದಿಂದ ಸದ್ಬೋಧಚಂದ್ರಿಕೆಯನ್ನು ಹೊರಡಿಸಿದರು. ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಗಳಗನಾಥರ ಓದುಗರು ಎಲ್ಲಿಂದ ಬಂದರು? ಸ್ಥಾನಿಕ ಕರದಿಂದ ನಡೆದ ಆ ಹಂಚಿನ ಮಾಡಿನ ಶಾಲೆಗಳಿಂದಲೇ ಬಂದರು.

ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಈ ಪ್ರಾಂತದ ವಿದ್ಯಾಚರಿತ್ರೆಯಲ್ಲಿ ನಾನು ಅತ್ಯಂತ ಮಹತ್ತ್ವದ್ದೆಂದು ಬಗೆಯುವ ಘಟನೆ ನಡೆದುದು 1856ರ ಜೂನ್ ತಿಂಗಳಲ್ಲಿ. ಅಸ್ಪೃಶ್ಯರೆನಿಸಿದ ಮಹಾರ ಜಾತಿಯ ಒಬ್ಬ ಬಾಲಕ ಧಾರವಾಡದ ಸರಕಾರಿ ಶಾಲೆಯಲ್ಲಿ ತನಗೆ ಪ್ರವೇಶ ಬೇಕೆಂದು ಕೇಳಿದನು. ಅಲ್ಲಿ ನಿರಾಕೃತನಾಗಿ ಮುಂಬಯಿ ಸರಕಾರಕ್ಕೆ ಅರ್ಜಿ ಬರೆದನು. ನ್ಯಾಯ ಬಾಲಕನ ಕಡೆಗಿದೆಯೆಂಬುದನ್ನು ಸರಕಾರ ಒಪ್ಪಿಯೂ, ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಬಿಟ್ಟುಹೋಗಿ ಶಾಲೆಯೇ ನಿಷ್ಪ್ರಯೋಜಕವಾದೀತೆಂಬ ಅಂಜಿಕೆಯಿಂದ ಅವನನ್ನು ಹೊರಗೇ ನಿಲ್ಲಿಸಿತು. ವಿಷಯ ಲಂಡನ್ನಿನವರೆಗೆ ಹೋಗಿ, ಕಂಪನಿಯ ನಿರ್ದೇಶಕರು 1858ರಲ್ಲಿ ಸರಕಾರಿ ಶಾಲೆಗಳು ಸಕಲ ವರ್ಗದ ಪ್ರಜೆಗಳಿಗೂ ತೆರೆದಿರತಕ್ಕವೆಂದು ತೀರ್ಮಾನಿಸಿದರು. ತೀರ್ಮಾನ ಕಾಗದದ ಮೇಲೆ ಬಂದರೂ ಅನೇಕ ಹಳ್ಳಿಗಳಲ್ಲಿ ಆ ಮಕ್ಕಳು ಕುಳಿತದ್ದು ಶಾಲೆಯ ಕಟ್ಟೆಯ ಮೇಲೆ, ಬಿಸಿಲಿನಲ್ಲಿ. ಪಾಟಿಯನ್ನು ಮಾಸ್ತರರು ದೂರದಿಂದಲೇ ನೋಡಿ ತಿದ್ದಿದ ಕಾಲ ಬಹುಕಾಲ ನಡೆಯಿತು. ಮುಂದೆ 1882ರ ಹಂಟರ್ ಶಿಕ್ಷಣ ಆಯೋಗದ ವರದಿಯನ್ನು ಚರ್ಚಿಸಿದವರೂ ಡಾ. ಅಂಬೇಡ್ಕರರೂ ಮತ್ತೆ ಮತ್ತೆ ನೆನೆದ ಈ ಧಾರವಾಡದ ಬಾಲಕನ ಹೆಸರನ್ನು ನಮ್ಮ ಪಾಠಪುಸ್ತಕಗಳು ಎಲ್ಲಿಯೂ ಹೇಳುವುದಿಲ್ಲ; ಅವನ ಅರ್ಜಿಯ ಬಲ ಮಾತ್ರ ಮುಂದಿನ ಪ್ರತಿಯೊಂದು ಶಾಲೆಯ ಹೊಸ್ತಿಲಿನಲ್ಲಿ ಉಳಿದಿದೆ. ಯಾವುದೇ ಧರ್ಮದ ಮಿಶನ್ ಶಾಲೆಯ ಹಿರಿಮೆ ಕಿರಿಮೆಗಳನ್ನು ಈ ಸೀಮೆಯಲ್ಲಿ ಅಳೆಯುವಾಗ ನಾವು ಹಿಡಿಯಬೇಕಾದ ಅಳತೆಗೋಲೂ ಅದೇ: ಸರಕಾರಿ ಶಾಲೆಯ ಕಟ್ಟೆಯ ಮೇಲೆ ಕುಳಿತ ಮಗುವನ್ನು ಇದು ಒಳಗೆ ಕರೆಯಿತೇ?

ಬಾಸೆಲ್ ಮಿಶನ್ನಿನವರ ಕಾರ್ಯವನ್ನು ಇಲ್ಲಿ ಸಂಕ್ಷೇಪವಾಗಿ ನೆನೆದರೆ ಸಾಕು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಪ್ರೊಟೆಸ್ಟಂಟ್ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ಬೆಟಗೇರಿಗೂ ವಿಸ್ತರಿಸಿ, ಶಾಲೆಗಳನ್ನು ತೆರೆದು, ಮೋಗ್ಲಿಂಗ್, ವೈಗಲ್, ಕಿಟೆಲ್ ಮೊದಲಾದವರ ಮೂಲಕ ಕನ್ನಡದ ಪುಸ್ತಕಪ್ರಪಂಚಕ್ಕೆ ಚಿರಕಾಲದ ಉಪಕಾರವನ್ನು ಮಾಡಿದರು. ಉತ್ತರ ಕರ್ನಾಟಕದ ಜನ ‘ಮಿಶನ್ ಸಾಲಿ’ ಎಂದರೆ ಮೊದಲು ನೆನೆಯುತ್ತಿದ್ದುದು ಇವರದನ್ನೇ.

ಕಥೋಲಿಕರ ಕಥೆ ಬೇರೆ. ಅವರು ಕನ್ನಡಕ್ಕೆ ಹೊಸಬರಲ್ಲ. 1649ರಷ್ಟು ಹಿಂದೆಯೇ ಇಟಲಿಯ ಜೆಸ್ವಿತ ಯತಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡವನ್ನು ಕಲಿತು, ವ್ಯಾಕರಣವನ್ನೂ ಧರ್ಮಗ್ರಂಥಗಳನ್ನೂ ರಚಿಸಿದನು. ಆದರೆ ಶಾಲೆಯೆಂಬ ಸಂಸ್ಥೆ ಕಥೋಲಿಕರಲ್ಲಿ ದೃಢವಾಗಿ ಬೇರುಬಿಟ್ಟುದು ಘಟ್ಟದ ಕೆಳಗೆ. 1784ರಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿ 1799ರ ಅನಂತರ ಉಳಿದಷ್ಟು ಮಂದಿ ಹಿಂದಿರುಗಿದ ಕನ್ನಡ ಜಿಲ್ಲೆಯ ಕ್ರೈಸ್ತ ಸಮಾಜ, ಬಿದ್ದ ಇಗರ್ಜಿಗಳನ್ನು ಪುನಃ ಕಟ್ಟಿಕೊಂಡಂತೆ ಅವುಗಳ ಪಕ್ಕದಲ್ಲಿ ಕಲಿಕೆಯ ಮನೆಯನ್ನೂ ಕಟ್ಟಿಕೊಂಡಿತು. 1878ರ ಡಿಸೆಂಬರ್ 31ರಂದು ಜೆಸ್ವಿತರು ಮಂಗಳೂರಿಗೆ ಬಂದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಹಳ್ಳಿಯ ಇಗರ್ಜಿಶಾಲೆಗೆ ಬೇಕಾದ ಶಿಕ್ಷಕರನ್ನು ಒದಗಿಸುವಷ್ಟು ವಿದ್ಯಾವಂತರು ಆ ಸಮಾಜದಿಂದಲೇ ಹೊರಟರು. ಮದರಾಸು ಸರಕಾರದ ಧೋರಣೆಯೂ ಅನುಕೂಲವಾಗಿತ್ತು. ತಾನೇ ಶಾಲೆಯನ್ನು ತೆರೆಯುವುದಕ್ಕಿಂತ ಖಾಸಗಿಯವರು ತೆರೆದ ಶಾಲೆಗೆ ಸಹಾಯಧನ ಕೊಡುವುದು ಆ ಇಲಾಖೆಯ ಪದ್ಧತಿ. ಮುಂಬಯಿ ಇಲಾಖೆಯದು ತದ್ವಿರುದ್ಧವಾಗಿ, ತನ್ನ ಶಾಲೆಗಳನ್ನು ತಾನೇ ನಡೆಸುವ ಪದ್ಧತಿ. 1882ರ ಹಂಟರ್ ಆಯೋಗ ಈ ಎರಡು ದಾರಿಗಳ ಭೇದವನ್ನು ಸ್ಪಷ್ಟವಾಗಿ ಗುರುತಿಸಿದೆ. ಒಂದೇ ಭಾಷೆಯನ್ನಾಡುವ ಎರಡು ಸೀಮೆಗಳಲ್ಲಿ ಶಾಲೆಯ ಜನನ ಎರಡು ಬಗೆಯಾದುದಕ್ಕೆ ಇದಕ್ಕಿಂತ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ. ತೆಂಕಣ ಕರಾವಳಿಯಿಂದ ಕಾಸರಗೋಡಿನ ಬೇಳದವರೆಗೆ ಇಗರ್ಜಿಯ ಅಂಗಳದಲ್ಲಿ ಅನುದಾನಿತ ಕನ್ನಡ ಶಾಲೆ ನಿಂತಿತು. ಹಾವೇರಿ ಸೀಮೆಯಲ್ಲಿ ಲೋಕಲ್ ಬೋರ್ಡಿನ ಕನ್ನಡ ಶಾಲೆ ಚಾವಡಿಯ ಬಳಿ ನಿಂತಿತು.

ಈ ಸೀಮೆಯಲ್ಲಿ ಕಥೋಲಿಕರಾದರೂ ಎಷ್ಟು ಮಂದಿ ಇದ್ದರು? ಬೆಳಗಾವಿಯ ದಂಡಿನಲ್ಲಿ ಸಿಪಾಯಿಗಳಿದ್ದರು. ಅಲ್ಲಿ ಜೆಸ್ವಿತರು 1856ರಲ್ಲಿ ಸಂತ ಪೌಲರ ಶಾಲೆಯನ್ನು ಸ್ಥಾಪಿಸಿದ್ದರು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಬಯಲನ್ನು ಸೀಳಿಕೊಂಡು ಬಂದಾಗ ಗೋವೆಯ, ಮಂಗಳೂರಿನ, ಮದರಾಸಿನ ಕಡೆಯ ಕ್ರೈಸ್ತ ನೌಕರರು ಅದರ ಬೆನ್ನಿಗೆ ಬಂದು ಹುಬ್ಬಳ್ಳಿಯಲ್ಲಿ ನೆಲೆನಿಂತರು; ಹಾವೇರಿ, ರಾಣೆಬೆನ್ನೂರುಗಳ ಸ್ಟೇಶನ್ನುಗಳಲ್ಲಿ ಒಂದೆರಡು ಮನೆಗಳಷ್ಟೇ. ಬಹುಕಾಲದ ತರುವಾಯ ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಉತ್ಪಾದನೆಯನ್ನು ಆರಂಭಿಸಿದಾಗ ಹೊರಗಿನಿಂದ ಬಂದ ದುಡಿಮೆಗಾರರಲ್ಲಿಯೂ ಕ್ರೈಸ್ತ ಕುಟುಂಬಗಳಿದ್ದವು; ಹೊಳೆಯಾಚೆಯ ಹರಿಹರದ ಆರೋಗ್ಯಮಾತೆಯ ಪುಣ್ಯಕ್ಷೇತ್ರವಂತೂ ಕ್ರೈಸ್ತರಲ್ಲದ ಭಕ್ತರನ್ನೂ ಸೆಳೆಯುತ್ತ ಬಂದಿದೆ. ಒಟ್ಟಿನಲ್ಲಿ, ಮಂಗಳೂರಿನಂತೆ ತನ್ನ ಮಕ್ಕಳಿಗಾಗಿ ತಾನೇ ಶಾಲೆ ಕಟ್ಟಿಕೊಳ್ಳುವಷ್ಟು ದಟ್ಟವಾದ ಕಥೋಲಿಕ ಸಮಾಜ ಇಲ್ಲಿ ಇರಲಿಲ್ಲ. ಇಲ್ಲಿಗೆ ಬಂದ ಶಾಲೆ ಮೊದಲ ದಿನದಿಂದಲೇ ಇತರರ ಮಕ್ಕಳಿಗಾಗಿ ಬಂದ ಶಾಲೆ.

ಬರುವುದಕ್ಕೆ ದಾರಿಯಾದುದು ಎರಡು ಸಂಗತಿಗಳಿಂದ. ಮೊದಲನೆಯದು, 1953ರ ಸೆಪ್ಟೆಂಬರ್ 19ರಂದು ಪುಣೆ ಮತ್ತು ಗೋವೆಯ ಧರ್ಮಪ್ರಾಂತಗಳ ಭಾಗಗಳನ್ನು ಬೇರ್ಪಡಿಸಿ ಬೆಳಗಾವಿ ಧರ್ಮಕ್ಷೇತ್ರವನ್ನು ರಚಿಸಿದುದು. ಮೊದಲ ಧರ್ಮಾಧ್ಯಕ್ಷರಾದ ಮೈಕೆಲ್ ರೊಡ್ರಿಗಸರ ಕಾಲದಿಂದ ಈ ಬಯಲುಸೀಮೆಗೆ ಹತ್ತಿರದಲ್ಲೇ ಒಬ್ಬ ಹೊಣೆಗಾರರು ದೊರೆತಂತಾಯಿತು. ಎರಡನೆಯದು, ನನ್ನ ಎಣಿಕೆಯಲ್ಲಿ ಹೆಚ್ಚಿನದು, ಕರಾವಳಿಯ ಕನ್ಯಾಸ್ತ್ರೀಯರ ಸಂಘಗಳು. ಮಂಗಳೂರಿನ ಬೆಂದೂರಿನಲ್ಲಿ ವಿಚಾರಣೆಯ ಗುರುಗಳಾಗಿದ್ದ ಮೊನ್ಸಿಞೊರ್ ರೇಮಂಡ್ ಮಸ್ಕರೇನ್ಹಸರು 1921ರ ಜುಲೈ 16ರಂದು ಬೆಥನಿಯ ಭಗಿನಿಯರ ಸಂಘವನ್ನು ನಾಲ್ವರು ಯುವತಿಯರೊಂದಿಗೆ ಸ್ಥಾಪಿಸಿದಾಗ, ಅವರ ಕಣ್ಣೆದುರಿಗೆ ಇದ್ದುದು ಪಟ್ಟಣದ ಶ್ರೀಮಂತರ ಹೆಣ್ಣುಮಕ್ಕಳಲ್ಲ, ಶಾಲೆಯ ಮುಖವನ್ನೇ ಕಾಣದ ಹಳ್ಳಿಯ ಹುಡುಗಿಯರು. ಇಂಥ ಸಂಘಗಳಲ್ಲಿ ಕನ್ನಡ ಶಾಲೆಗಳಲ್ಲೇ ಕಲಿತು, ಶಿಕ್ಷಕಿಯರ ತರಬೇತಿ ಪಡೆದ ಒಂದು ಪೀಳಿಗೆ ಸಿದ್ಧವಾಗಿತ್ತು. ಮದರಾಸಿನ ಸಹಾಯಧನದ ಪದ್ಧತಿ ಕರಾವಳಿಯಲ್ಲಿ ಬೆಳೆಸಿದ ಶಿಕ್ಷಕವರ್ಗ, ರಾಜ್ಯದ ಏಕೀಕರಣವಾದ 1956ರ ನವೆಂಬರ್ 1ರ ತರುವಾಯ, ಮುಂಬಯಿಯ ಪದ್ಧತಿ ಬೆಳೆಸಿದ ಊರುಗಳಿಗೆ ಬಂದು ಸೇರಿದುದನ್ನು ಕರ್ನಾಟಕದ ಏಕೀಕರಣದ ಫಲಗಳಲ್ಲಿ ಒಂದೆಂದು ಎಣಿಸಿದವರು ಕಡಮೆ. ಎಣಿಸಬೇಕಾದುದು ನ್ಯಾಯ.

ಈ ಶಾಲೆಗಳ ಹುಟ್ಟಿನ ಕ್ರಮ ಬಹುಮಟ್ಟಿಗೆ ಒಂದೇ ಬಗೆಯದು. ಊರ ಹೊರಗೆ ಒಂದಿಷ್ಟು ನೆಲ. ಅದರಲ್ಲಿ ಹಂಚಿನ ಮನೆ. ಅದರ ಒಂದು ಕೋಣೆಯಲ್ಲಿ ಔಷಧಿಯ ಪೆಟ್ಟಿಗೆಯೊಂದಿಗೆ ಒಬ್ಬ ದಾದಿ ಭಗಿನಿ, ಪಡಸಾಲೆಯಲ್ಲಿ ಬಾಲವಾಡಿ. ಹುಣ್ಣು, ಜ್ವರ, ಹೆರಿಗೆಗಳಿಗೆಂದು ಬಂದ ತಾಯಂದಿರು ಸಿಸ್ಟರನ್ನು ಕಂಡು, ಮೊದಲಿಗೆ ಹೊಲಕ್ಕೆ ಹೋಗುವಾಗ ಎಳೆಯ ಮಕ್ಕಳನ್ನು ಒಪ್ಪಿಸಿದರು, ಆಮೇಲೆ ಆ ಮಕ್ಕಳ ಅಕ್ಕಂದಿರನ್ನು ಕಳಿಸಿದರು. ತಮ್ಮನನ್ನು ಎತ್ತಿಕೊಳ್ಳುವ ಕೆಲಸಕ್ಕಾಗಿ ಮನೆಯಲ್ಲೇ ಉಳಿಯುತ್ತಿದ್ದ ಹುಡುಗಿ ತಮ್ಮನೊಂದಿಗೇ ಶಾಲೆಗೆ ಬರತೊಡಗಿದಳು. ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನು ಕುರಿತ ಯಾವ ಭಾಷಣವೂ ಮಾಡದ ಕೆಲಸವನ್ನು ಬಾಲವಾಡಿಯ ತೊಟ್ಟಿಲು ಮಾಡಿತು. ಕನ್ನಡ ಶಾಲೆಯಲ್ಲಿ ಗಂಡಸು ಮಾಸ್ತರರನ್ನಷ್ಟೇ ಕಂಡಿದ್ದ ಊರು, ಅಕ್ಕೋರೆಂದು ಕರೆಯಬಹುದಾದ, ಸಂಜೆಯ ಮೇಲೂ ಊರಲ್ಲೇ ಇರುವ, ವರ್ಗವಾಗಿ ಹೋದರೂ ತಮ್ಮಂಥ ಇನ್ನೊಬ್ಬರನ್ನು ಬಿಟ್ಟುಹೋಗುವ ಶಿಕ್ಷಕಿಯರನ್ನು ಮೊದಲ ಬಾರಿಗೆ ಕಂಡಿತು. ಇಲ್ಲಿ ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂಡುತ್ತಿದ್ದರು. ಊರ ಒಳಗಿನ ಓಣಿಯವರು ಇದಕ್ಕೆ ಮೊದಲು ಮುನಿದದ್ದುಂಟು. ಮುನಿಸು ಮಕ್ಕಳ ಪಾಟಿಯ ಮೇಲಿನ ಅಕ್ಷರವನ್ನು ನೋಡಿದ ಮೇಲೆ ಕರಗಿದ್ದೂ ಉಂಟು.

ಋತುಮಾನವೇ ಈ ಶಾಲೆಗಳ ನಿಜವಾದ ವೇಳಾಪಟ್ಟಿ. ಬ್ಯಾಡಗಿಯ ಸುತ್ತಲಿನ ಹಳ್ಳಿಗಳಲ್ಲಿ ಡಬ್ಬಿ, ಕಡ್ಡಿ ಜಾತಿಯ ಮೆಣಸಿನಕಾಯಿ ಕೆಂಪೇರಿ ಕೊಯ್ಲಿಗೆ ಬಂದಿತೆಂದರೆ ಹಾಜರಿ ಕುಸಿಯುತ್ತದೆ. ಹಣ್ಣು ಬಿಡಿಸುವುದು, ಕಣದಲ್ಲಿ ಒಣಗಿಸುವುದು, ತೊಟ್ಟು ಬಿಡಿಸುವುದು, ಇವೆಲ್ಲ ಸಣ್ಣ ಕೈಗಳಿಗೂ ಒಗ್ಗುವ ಕೆಲಸ. ವರ್ಷದ ಮೊದಲ ತಿಂಗಳುಗಳಲ್ಲಿ ಬ್ಯಾಡಗಿಯ ಮಾರುಕಟ್ಟೆ ಕೆಂಪು ರಾಶಿಗಳಿಂದ ತುಂಬಿದಾಗ, ಆ ಬಣ್ಣಕ್ಕೂ ಕಡಮೆ ಖಾರಕ್ಕೂ ದೇಶವಿದೇಶಗಳಲ್ಲಿ ಹೆಸರುಗಳಿಸಿ 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಆ ಬೆಳೆಯ ಹಿಂದೆ ಎಷ್ಟು ಮಕ್ಕಳ ಓದು ನಿಂತುಹೋಯಿತೆಂಬುದು ಯಾವ ಪೇಟೆಯ ಲೆಕ್ಕದಲ್ಲಿಯೂ ಬರುವುದಿಲ್ಲ. ಹತ್ತಿಯ ಬೀಜೋತ್ಪಾದನೆ ರಾಣೆಬೆನ್ನೂರಿನ ಕಡೆ ಬೆಳೆದ ಮೇಲೆ, ಹೂವಿಗೆ ಹೂವು ಮುಟ್ಟಿಸುವ ಆ ಸೂಕ್ಷ್ಮ ಕೆಲಸಕ್ಕೂ ಹುಡುಗಿಯರೇ ಬೇಕಾದರು. ಮನೆಮನೆಗೆ ಹೋಗಿ ಮಕ್ಕಳನ್ನು ಮರಳಿ ಕರೆತರುವುದು ಆಗಿನ ಶಿಕ್ಷಕಿಯ ಪಾಠದಷ್ಟೇ ದೊಡ್ಡ ಕರ್ತವ್ಯವಾಗಿತ್ತು. ಹಸಿವೆಯೂ ಒಂದು ಕಾರಣವಾದುದರಿಂದ ಅನ್ನ ಶಾಲೆಯೊಳಗೆ ಬಂದಿತು. ಅಮೆರಿಕದಿಂದ ಬಂದ ಗೋಧಿನುಚ್ಚಿನ ಉಪ್ಪಿಟ್ಟಿನ ರುಚಿಯನ್ನು ಅರುವತ್ತು ಎಪ್ಪತ್ತರ ದಶಕಗಳಲ್ಲಿ ಶಾಲೆಗೆ ಹೋದವರು ಇಂದಿಗೂ ಮರೆತಿಲ್ಲ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹ ಕ್ರಮೇಣ ಅನುದಾನಿತ ಶಾಲೆಗಳಿಗೂ ವಿಸ್ತರಿಸಿ ಆ ಕೆಲಸವನ್ನು ಸರಕಾರವೇ ವಹಿಸಿಕೊಂಡಿತು.

ಧರ್ಮದ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದನ್ನು ತಪ್ಪಿಸಿ ಹೋಗುವುದು ಪ್ರಾಮಾಣಿಕವಲ್ಲ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣಸಂಸ್ಥೆಗಳನ್ನು ನಡೆಸುವ ಹಕ್ಕನ್ನು ಕೊಟ್ಟಿದೆ. 28ನೆಯ ವಿಧಿ, ಸರಕಾರದ ಮನ್ನಣೆ ಅಥವಾ ನೆರವು ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧರ್ಮೋಪದೇಶಕ್ಕೆ ಕುಳ್ಳಿರಿಸಕೂಡದೆಂದು ವಿಧಿಸಿದೆ. ಆದುದರಿಂದ 28ನೆಯ ವಿಧಿ ಕಟ್ಟಿದ ಗೆರೆಯೊಳಗೆ ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೂ ಉಳಿದವರು ನೀತಿಬೋಧೆಗೂ ಕುಳಿತುಕೊಳ್ಳುವ ಪದ್ಧತಿ ರೂಢಿಯಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ ತನ್ನ ಆರಾಧನೆಯನ್ನು ಲತೀನಿನಿಂದ ನಾಡನುಡಿಗಳಿಗೆ ಬಿಟ್ಟುಕೊಟ್ಟು, 1965ರ ಅಕ್ಟೋಬರ್ 28ರಂದು ಶಿಕ್ಷಣವನ್ನು ಕುರಿತ ಘೋಷಣೆಯಲ್ಲಿ ಬಡವರ, ವಿಶ್ವಾಸವಿಲ್ಲದವರ ಮಕ್ಕಳ ಕಡೆಗೂ ಕಥೋಲಿಕ ಶಾಲೆಗಳ ಲಕ್ಷ್ಯವನ್ನು ಎಳೆದುದು, ಹಾವೇರಿ ಸೀಮೆಯಂಥ ಕಡೆ ನಡೆದುಬಂದ ರೂಢಿಗೆ ರೋಮಿನ ಮುದ್ರೆಯನ್ನು ಒತ್ತಿದಂತಾಯಿತು. ಶಿವಭಜನೆಯ ಮನೆಯಿಂದ ಬಂದ ಹುಡುಗ, ಮಸೀದಿಯ ಓಣಿಯಿಂದ ಬಂದ ಹುಡುಗಿ, ಇವರ ಮುಂದೆ ಕನ್ನಡದಲ್ಲಿ ಪ್ರಾರ್ಥನೆ ಹೇಳಿಕೊಡುವಾಗ ಭಗಿನಿಯೇ ಆ ಊರಿನ ಭಾಷೆಗೆ ಒಗ್ಗಬೇಕಾಯಿತು. ಅತಿಥಿಯಾಗಿ ಬಂದವರು ಕಲಿಯಬೇಕಾದ ವಿನಯ ಅದು.

ಆದರೆ ಎಂಬತ್ತರ ದಶಕದಿಂದ ಗಾಳಿ ತಿರುಗಿತು. ಇದೇ ಜಿಲ್ಲೆಯ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿ 1981ರ ಜನವರಿಯಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನವನ್ನು ಶಿಫಾರಸು ಮಾಡಿತು; ಅದರ ಜಾರಿಗಾಗಿ ನಾಡೆಲ್ಲ ಎದ್ದಿತು. 1994ರ ಏಪ್ರಿಲ್ 29ರ ಆದೇಶ ಮೊದಲ ನಾಲ್ಕು ತರಗತಿಗಳನ್ನು ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ ನಡೆಸಬೇಕೆಂದಿತು. ಇಪ್ಪತ್ತು ವರ್ಷಗಳ ವ್ಯಾಜ್ಯದ ಅನಂತರ 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯ ಮಾಧ್ಯಮವನ್ನು ಆರಿಸುವ ಹಕ್ಕು ತಂದೆತಾಯಿಯರದೆಂದು ತೀರ್ಪಿತ್ತು ಆ ಆದೇಶವನ್ನು ತೆಗೆದುಹಾಕಿತು. ಆ ಹೊತ್ತಿಗೆ ತಂದೆತಾಯಿಯರು ಆರಿಸಿಯಾಗಿತ್ತು. ಕನ್ನಡ ಶಾಲೆಯ ಪಕ್ಕದಲ್ಲಿಯೇ ಅದೇ ಆವರಣದೊಳಗೆ ಇಂಗ್ಲಿಷ್ ಮಾಧ್ಯಮದ ಹೊಸ ಕಟ್ಟಡ ಎದ್ದಿತು. ಹಳದಿ ಬಸ್ಸು ಬಂದಿತು. ಶುಲ್ಕದ ರಸೀತಿಪುಸ್ತಕ ಬಂದಿತು. 2019ರಲ್ಲಿ ಸರಕಾರವೇ ತನ್ನ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆದ ಮೇಲೆ, ಯಾರು ಯಾರನ್ನು ದೂಷಿಸಬೇಕು? ಮಿಶನ್ ಶಾಲೆ ಇಂಗ್ಲಿಷಿಗೆ ತಿರುಗಿದುದನ್ನು ನಾನು ಅಪರಾಧವೆನ್ನಲಾರೆ. ಆದರೆ ಶುಲ್ಕ ಕೊಡಲಾರದ ಮನೆಯ ಮಗು ಮರಳಿ ಕನ್ನಡ ವಿಭಾಗದಲ್ಲಷ್ಟೇ ಉಳಿದು, ಶುಲ್ಕ ಕೊಡಬಲ್ಲವರ ಮಗು ಇನ್ನೊಂದು ಕಟ್ಟಡಕ್ಕೆ ಹೋಗುವಂತಾದರೆ, 1856ರ ಬಾಲಕ ನಿಂತಿದ್ದ ಕಟ್ಟೆ ಬೇರೊಂದು ರೂಪದಲ್ಲಿ ಮತ್ತೆ ಏಳುತ್ತದೆ. ಇದನ್ನು ಅನುದಾನಿತ ಶಾಲೆಗಳ ಆಡಳಿತಗಾರರೂ, ನಿವೃತ್ತರಾದ ಶಿಕ್ಷಕರ ಜಾಗಗಳನ್ನು ತುಂಬಲು ವಿಳಂಬಿಸುವ ಸರಕಾರವೂ ಸಮಾನವಾಗಿ ಯೋಚಿಸಬೇಕಾಗಿದೆ.

1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಇದರ ಶಿಕ್ಷಣದ ಚರಿತ್ರೆಯನ್ನು ಧಾರವಾಡದ ನೆರಳಿನಿಂದ ಬಿಡಿಸಿ ಬರೆಯುವ ಕೆಲಸ ಉಳಿದುಕೊಂಡಿದೆ. ಅದಕ್ಕೆ ಬೇಕಾದ ಸಾಮಗ್ರಿ ಶಾಲೆಗಳ ಕಪಾಟುಗಳಲ್ಲೇ ಇದೆ. ಪ್ರತಿ ಶಾಲೆಯ ಜನರಲ್ ರಜಿಸ್ಟರಿನಲ್ಲಿ ಮಗುವಿನ ಹೆಸರು, ಹುಟ್ಟಿದ ತಾರೀಖು, ಜಾತಿ, ತಂದೆಯ ಉದ್ಯೋಗ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಇವು ಒಂದೇ ಸಾಲಿನಲ್ಲಿ ಬರೆದಿರುತ್ತವೆ. ಕೊನೆಯ ಆ ಅಂಕಣವೊಂದನ್ನೇ ಓದುತ್ತ ಹೋದರೆ ಬರಗಾಲ, ಗುಳೆ, ಬಾಲ್ಯವಿವಾಹ, ಮೆಣಸಿನ ಸುಗ್ಗಿ ಎಲ್ಲವೂ ವರ್ಷವರ್ಷಕ್ಕೆ ಎದುರು ಬರುತ್ತವೆ. ಜನ್ಮದಾಖಲೆಯಿಲ್ಲದ ಮುದುಕರು ವಯಸ್ಸಿನ ಪುರಾವೆಗಾಗಿ ಇಂದಿಗೂ ಆ ಪುಸ್ತಕವನ್ನೇ ಕೇಳಿಕೊಂಡು ಬರುತ್ತಾರೆ. ಗೆದ್ದಲು ಹತ್ತುವ ಮೊದಲು ಸರಕಾರಿ ಕನ್ನಡ ಶಾಲೆಯ ರಜಿಸ್ಟರನ್ನೂ ಅದೇ ಊರಿನ ಕಥೋಲಿಕ ಶಾಲೆಯ ರಜಿಸ್ಟರನ್ನೂ ಒಟ್ಟಿಗೆ ಇಟ್ಟು ಪ್ರತಿಮಾಡಿಸಿಕೊಂಡರೆ, ಯಾವ ಓಣಿಯ ಮಗು ಯಾವ ವರ್ಷ ಯಾವ ಬಾಗಿಲಿನಿಂದ ಒಳಗೆ ಬಂದಿತೆಂಬುದು ಹೆಸರು ಹೆಸರಾಗಿ ಗೊತ್ತಾಗುತ್ತದೆ. ಜಿಲ್ಲಾ ಪಂಚಾಯತಿಯವರೂ ಧರ್ಮಕ್ಷೇತ್ರದವರೂ ಕೂಡಿ ಕೈಗೊಂಡರೆ ಒಂದೆರಡು ಬೇಸಗೆಯ ರಜೆಗಳಲ್ಲಿ ಮುಗಿಯುವ ಕೆಲಸ ಇದು.